ಶಾಲಾ ಬ್ಯಾಂಡಿಗೆ ಯೋಗ್ಯವಾದ ಕ್ಲಾರಿಯೊನೆಟ್‌ಗಳು

ಬಾಲಿಕೆಯರ ಶಾಲೆಯಲ್ಲಿ ಬ್ಯಾಂಡೊಂದನ್ನು ಏರ್ಪಡಿಸಬೇಕೆಂದು ನಿಶ್ಚಯಿಸಿದವರಿಗೆ ಮೊದಲು ಎದುರಾಗುವ ಪ್ರಶ್ನೆಯು ಹಣದ್ದು, ಎರಡನೆಯದು ಕ್ಲಾರಿಯೊನೆಟ್ಟಿನದು. ಏಕೆಂದರೆ ಕ್ಲಾರಿಯೊನೆಟ್ ಎಂಬುದು ಒಂದು ವಾದ್ಯದ ಹೆಸರಲ್ಲ, ಒಂದು ಮನೆತನದ ಹೆಸರು. ಅದರಲ್ಲಿ ಗೇಣುದ್ದ ಎರಡರಷ್ಟಿರುವ ಚಿಕ್ಕವಳೂ ಉಂಟು, ನೆಲಕ್ಕೆ ಊರಿ ನುಡಿಸಬೇಕಾದ ಹಿರಿಯಳೂ ಉಂಟು. ಇವರಲ್ಲಿ ಯಾರನ್ನು ಶಾಲೆಗೆ ಕರೆತರಬೇಕು, ಯಾರನ್ನು ಬಿಡಬಹುದು ಎಂಬುದನ್ನು ಕುರಿತು ನಮಗೆ ತೋರಿದುದನ್ನು ಇಲ್ಲಿ ಬರೆಯುತ್ತೇವೆ. ಈಚಿನವರು ಕ್ಲಾರಿನೆಟ್ ಎಂದು ಬರೆಯುವುದೇ ಹೆಚ್ಚು. ನಾಟಕದ ಕಂಪನಿಗಳ ಕಾಲದಿಂದ ನಮ್ಮವರ ಬಾಯಲ್ಲಿ ನಿಂತಿರುವ ಹೆಸರನ್ನೇ ನಾವು ಉಳಿಸಿಕೊಂಡಿದ್ದೇವೆ.

ಜರ್ಮನಿಯ ನ್ಯೂರೆಂಬರ್ಗ್ ಪಟ್ಟಣದ ಯೋಹಾನ್ ಕ್ರಿಸ್ಟೋಫ್ ಡೆನ್ನರ್ ಎಂಬ ವಾದ್ಯಶಿಲ್ಪಿಯು ಸುಮಾರು 1700ರ ಹೊತ್ತಿಗೆ ಶಾಲುಮೊ ಎಂಬ ಹಳೆಯ ಊದುವಾದ್ಯವನ್ನು ತಿದ್ದಿ ಇದನ್ನು ಮಾಡಿದನೆಂದು ಚರಿತ್ರಕಾರರು ಹೇಳುತ್ತಾರೆ. ನಮ್ಮ ಓಲಗದ ನಾಗಸ್ವರಕ್ಕೆ ಜೋಡಿ ನಾಲಗೆ. ಕ್ಲಾರಿಯೊನೆಟ್ಟಿಗೆ ಹಾವಾಡಿಗನ ಪುಂಗಿಯಂತೆ ಒಂಟಿ ನಾಲಗೆ. ಇದರ ಕೊಳವೆಯು ಬಹುಪಾಲು ಒಂದೇ ಅಗಲವುಳ್ಳದ್ದಾಗಿದ್ದು, ಬಾಯಿಯ ಕಡೆ ಮುಚ್ಚಿದಂತೆ ವರ್ತಿಸುತ್ತದೆ. ಇದರಿಂದ ಎರಡು ಫಲಗಳುಂಟಾಗುತ್ತವೆ. ಮೊದಲನೆಯದು, ಹೆಚ್ಚುಕಡಮೆ ಅಷ್ಟೇ ಉದ್ದವಿರುವ ಪಾಶ್ಚಾತ್ಯ ಕೊಳಲಿಗಿಂತ ಇದು ಒಂದು ಸ್ಥಾಯಿಗೆ ಸಮೀಪದಷ್ಟು ಕೆಳಗೆ ಇಳಿಯುತ್ತದೆ. ಎರಡನೆಯದು ಕಲಿಯುವವರನ್ನು ಕಾಡತಕ್ಕದ್ದು. ಕೊಳಲನ್ನು ಬಲವಾಗಿ ಊದಿದರೆ ಷಡ್ಜವು ತಾರಸ್ಥಾಯಿಯ ಷಡ್ಜವಾಗುತ್ತದೆ. ಕ್ಲಾರಿಯೊನೆಟ್ಟಿನಲ್ಲಿ ಹೆಬ್ಬೆರಳಿನ ಕೀಲಿಯನ್ನು ಒತ್ತಿದರೆ ಷಡ್ಜವು ಅದನ್ನೂ ದಾಟಿ ತಾರಸ್ಥಾಯಿಯ ಪಂಚಮಕ್ಕೆ ನೆಗೆಯುತ್ತದೆ. ನಡುವೆ ಉಳಿದ ಸ್ವರಗಳನ್ನೆಲ್ಲ ತುಂಬುವುದಕ್ಕಾಗಿಯೇ ಇಷ್ಟೊಂದು ಕೀಲಿಗಳು ಬೇಕಾದುವು. ಇಂದು ಬಹು ದೇಶಗಳಲ್ಲಿ ಬಳಕೆಯಲ್ಲಿರುವ ಬೋಮ್ ಪದ್ಧತಿಯ ಕೀಲಿಗಳನ್ನು ಪ್ಯಾರಿಸಿನ ಕ್ಲೋಸೆ ಎಂಬ ವಾದಕನೂ ಬುಫೆ ಎಂಬ ಕುಶಲಕರ್ಮಿಯೂ ಕೂಡಿ ರಚಿಸಿ, 1839ರಲ್ಲಿ ಪ್ರದರ್ಶಿಸಿ, 1844ರಲ್ಲಿ ಹಕ್ಕುಪತ್ರ ಪಡೆದರು.

ಈ ಮನೆತನದವರೆಲ್ಲರಿಗೂ ಬೆರಳಿನ ಪಾಠ ಒಂದೇ. ಗಾತ್ರಕ್ಕೆ ತಕ್ಕಂತೆ ಶ್ರುತಿ ಮಾತ್ರ ಬೇರೆ. ಹಾರ್ಮೋನಿಯಂ ಬಲ್ಲ ನಮ್ಮ ಬಾಲಿಕೆಯರಿಗೆ ಹೀಗೆ ಹೇಳಿದರೆ ಸುಲಭವಾಗಿ ತಿಳಿಯುತ್ತದೆ. ಪುಸ್ತಕದಲ್ಲಿ 'ಸಿ' ಎಂದು ಬರೆದ ಸ್ವರವನ್ನು ನುಡಿಸಿದಾಗ ಯಾವ ವಾದ್ಯವು ಕಪ್ಪು ಐದನ್ನು ನುಡಿಯುವುದೋ ಅದು ಬಿ ಫ್ಲಾಟ್ ಕ್ಲಾರಿಯೊನೆಟ್. ಬಿಳಿ ಆರನ್ನು ನುಡಿಯುವುದು ಎ. ಕಪ್ಪು ಎರಡನ್ನು ನುಡಿಯುವುದು ಇ ಫ್ಲಾಟ್. ಬಿಳಿ ಒಂದನ್ನೇ ನುಡಿಯುವುದು ಸಿ. ಮಿಶನ್ ಶಾಲೆಗಳಲ್ಲಿ ಟಾನಿಕ್ ಸೋಲ್ಫಾ ಕಲಿತವರಿಗಂತೂ ಇದರಲ್ಲಿ ಬೆರಗಾಗುವಂಥದೇನೂ ಇಲ್ಲ. ಡೋ ಎಲ್ಲಿಟ್ಟರೆ ಅಲ್ಲಿಯೇ ಡೋ, ಷಡ್ಜವನ್ನು ಎಲ್ಲಿ ಹಿಡಿದರೆ ಅಲ್ಲಿಯೇ ಷಡ್ಜ.

ಇವರಲ್ಲಿ ಬಿ ಫ್ಲಾಟ್ ಕ್ಲಾರಿಯೊನೆಟ್ಟೇ ಬ್ಯಾಂಡಿನ ಬೆನ್ನೆಲುಬು. ಇದರ ಉದ್ದ ಸುಮಾರು 26 ಅಂಗುಲ. ವಾದ್ಯವೃಂದದಲ್ಲಿ ಪಿಟೀಲುಗಳು ಮಾಡುವ ಕೆಲಸವನ್ನು ಬ್ಯಾಂಡಿನಲ್ಲಿ ಇದೇ ಮಾಡಬೇಕಾಗಿರುವುದರಿಂದ ಒಂದೆರಡು ಸಾಲವು. ಮೊದಲನೆಯ, ಎರಡನೆಯ, ಮೂರನೆಯ ಎಂದು ಮೂರು ಪಂಕ್ತಿಗಳಾಗಿ ಕುಳಿತುಕೊಳ್ಳುವಷ್ಟು ಬೇಕು. ಇಲ್ಲಿ ನಾವು ಒಂದು ಮಾತನ್ನು ಒತ್ತಿ ಹೇಳುತ್ತೇವೆ. ಜಾಣೆಯರನ್ನೆಲ್ಲ ಮೊದಲನೆಯ ಪಂಕ್ತಿಗೆ ಏರಿಸಿ, ತಡವರಿಸುವವರನ್ನೆಲ್ಲ ಮೂರನೆಯದಕ್ಕೆ ತಳ್ಳುವ ರೂಢಿಯು ಎಲ್ಲೆಲ್ಲಿಯೂ ಕಾಣುತ್ತದೆ. ಹೀಗೆ ಮಾಡಿದಲ್ಲಿ ಮೂರನೆಯ ಪಂಕ್ತಿಯ ಬಾಲಿಕೆಯರು ತಮ್ಮ ಸ್ವರ ಯಾರಿಗೂ ಬೇಡವಾದುದೆಂದು ತಿಳಿದು, ವರುಷ ತುಂಬುವುದರೊಳಗೆ ಬ್ಯಾಂಡನ್ನೇ ಬಿಟ್ಟುಬಿಡುತ್ತಾರೆ. ನಿಜವಾಗಿ ನೋಡಿದರೆ ಕ್ಲಾರಿಯೊನೆಟ್ಟಿನ ಅತ್ಯಂತ ಇಂಪಾದ, ಜೇನಿನಂತೆ ಗಾಢವಾದ ನಾದವಿರುವುದು ಅದರ ಕೆಳಗಿನ ಸ್ವರಗಳಲ್ಲಿ. ಆ ಸ್ವರಗಳು ಹೆಚ್ಚಾಗಿ ಮೂರನೆಯ ಪಂಕ್ತಿಗೇ ಸಿಕ್ಕುವುವು. ಆದುದರಿಂದ ಪ್ರತಿಯೊಂದು ಪಂಕ್ತಿಯಲ್ಲಿಯೂ ಗಟ್ಟಿಗಳಾದ ಒಬ್ಬಳನ್ನು ಕೂರಿಸಿ, ಹಾಡು ಬದಲಾದಾಗ ಸ್ಥಾನಗಳನ್ನೂ ಬದಲಾಯಿಸುವುದು ಲೇಸು.

ಸಿ ಕ್ಲಾರಿಯೊನೆಟ್ ಮೊದಲ ನೋಟಕ್ಕೆ ಬಹಳ ಆಕರ್ಷಕವಾದುದು. ಗೀತಪುಸ್ತಕದ ಸೊಪ್ರಾನೊ ಸಾಲನ್ನು ಬರೆದಂತೆಯೇ ನುಡಿಸಬಹುದು, ಹಗುರ, ಚಿಕ್ಕ ಬೆರಳುಗಳಿಗೆ ಒಪ್ಪುತ್ತದೆ. ಹತ್ತು ವರುಷದೊಳಗಿನ ಮಕ್ಕಳಿಗೆ ಕಲಿಸಬೇಕಾದಲ್ಲಿ ಇದನ್ನು ನಾವು ಬೇಡವೆನ್ನುವುದಿಲ್ಲ. ಆದರೆ ಹೈಸ್ಕೂಲಿನ ಬಾಲಿಕೆಯರ ಕೈ ಬಿ ಫ್ಲಾಟಿಗೆ ಸಾಕಷ್ಟು ಬೆಳೆದಿರುತ್ತದೆ. ಬ್ಯಾಂಡುಗಳಿಗಾಗಿ ಈಗ ಅಚ್ಚಾಗುವ ಸಂಗೀತದಲ್ಲಿ ಸಿ ಕ್ಲಾರಿಯೊನೆಟ್ಟಿಗೆಂದು ಪ್ರತ್ಯೇಕ ಹಾಳೆ ದೊರೆಯುವುದೇ ಅಪರೂಪ. ಎ ಕ್ಲಾರಿಯೊನೆಟ್ ಪಿಟೀಲುಗಳಿರುವ ವಾದ್ಯವೃಂದದ ಸಹವಾಸಿ. ಮೋಟ್ಸಾರ್ಟನು ತಾನು ತೀರಿಕೊಂಡ 1791ರಲ್ಲಿಯೇ ಅದರ ಶ್ರುತಿಗೆ ಒಂದು ದೊಡ್ಡ ಕೃತಿಯನ್ನು ರಚಿಸಿ ಅದನ್ನು ಅಮರವಾಗಿಸಿದ್ದಾನೆ. ಬ್ಯಾಂಡಿಗೆ ಅದರಿಂದ ಪ್ರಯೋಜನವಿಲ್ಲ.

ಇ ಫ್ಲಾಟ್ ಚಿಕ್ಕವಳ ವಿಷಯದಲ್ಲಿ ಅನೇಕರು ಮೋಸಹೋಗುತ್ತಾರೆ. ಪುಟ್ಟ ವಾದ್ಯವಾದುದರಿಂದ ಪುಟ್ಟ ಬಾಲಿಕೆಗೆ ಕೊಡೋಣವೆಂದು ತೋರುವುದು ಸಹಜ. ಆದರೆ ಇದು ಎಲ್ಲರಿಗಿಂತ ಮೇಲಿನ ದನಿಯವಳು. ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಸಭೆಯ ಕೊನೆಯ ಬೆಂಚಿಗೂ ಕೇಳಿಸುತ್ತದೆ. ಫ್ರೆಂಚ್ ಸಂಗೀತಕಾರನಾದ ಬೆರ್ಲಿಯೋಜನು 1830ರ ತನ್ನ ಸಿಂಫನಿಯಲ್ಲಿ ಮಾಟಗಾತಿಯರ ಕುಣಿತವನ್ನು ಚಿತ್ರಿಸುವಾಗ ಈ ವಾದ್ಯವನ್ನೇ ಆರಿಸಿಕೊಂಡನೆಂಬುದರಿಂದ ಇದರ ಸ್ವಭಾವವನ್ನು ವಾಚಕರು ಊಹಿಸಬಹುದು. ಬಿ ಫ್ಲಾಟಿನಲ್ಲಿ ಚೆನ್ನಾಗಿ ನುರಿತ, ಕಿವಿ ಸೂಕ್ಷ್ಮವಾದ ಒಬ್ಬಳು ಸಿಕ್ಕಿದ ಮೇಲೆ ಒಂದನ್ನು, ಒಂದನ್ನು ಮಾತ್ರ, ಕೊಳ್ಳಬಹುದು. ಅದುವರೆಗೆ ಇಲ್ಲದಿದ್ದರೂ ಯಾರೂ ಕೊರಗುವುದಿಲ್ಲ.

ಇನ್ನು ಕೆಳದನಿಯವರು. ಆಲ್ಟೊ ಕ್ಲಾರಿಯೊನೆಟ್ ಬಿ ಫ್ಲಾಟಿಗಿಂತ ಐದು ಸ್ವರ ಕೆಳಗಿನದು. ಇದರ ನಾದ ಸೌಮ್ಯವಾದರೂ ಬ್ಯಾಂಡಿನ ಗದ್ದಲದಲ್ಲಿ ಕರಗಿಹೋಗುತ್ತದೆ. ಇದರ ಸಾಲನ್ನು ಸಾಮಾನ್ಯವಾಗಿ ಬೇರೊಂದು ವಾದ್ಯವೂ ನುಡಿಸುತ್ತಿರುತ್ತದೆ. ಬಾಸ್ ಕ್ಲಾರಿಯೊನೆಟ್ಟಿನ ಮಾತು ಬೇರೆ. ಇದು ಬಿ ಫ್ಲಾಟಿಗಿಂತ ಪೂರಾ ಒಂದು ಸ್ಥಾಯಿ ಕೆಳಗಿನದು. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸನು 1838ರಲ್ಲಿ ಇದನ್ನು ಸುಧಾರಿಸಿ ಹಕ್ಕುಪತ್ರ ಪಡೆದಂದಿನಿಂದ ಇದು ಮರ್ಯಾದಸ್ಥ ವಾದ್ಯವಾಯಿತು. ಬಾಲಿಕೆಯರ ಶಾಲೆಗೆ ಇದು ಏಕೆ ಮುಖ್ಯವೆಂಬುದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ.

ನಮ್ಮ ಗೀತಗಳ ರಾಗಗಳು ನಾಲ್ಕು ದನಿಗಳಿಗೆ ರಚಿತವಾದುವು: ಸೊಪ್ರಾನೊ, ಆಲ್ಟೊ, ಟೆನರ್, ಬಾಸ್. ಭಾನುವಾರದ ಸಭೆಯಲ್ಲಿ ಕೊನೆಯ ಎರಡನ್ನು ಗಂಡಸರು ಹಾಡುತ್ತಾರೆ. ಬಾಲಿಕೆಯರ ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ಅವರಿಲ್ಲ. ಮೇಲಿನ ಎರಡು ಅಂತಸ್ತುಗಳಿದ್ದು ತಳಹದಿಯಿಲ್ಲದ ಮನೆಯಂತೆ ಗೀತವು ತೇಲುತ್ತಿರುತ್ತದೆ. ಹಾರ್ಮೋನಿಯಂ ಎಡಗೈ ಸ್ವಲ್ಪ ಆಧಾರ ಕೊಡುವುದು ನಿಜ. 1551ರ ಜಿನೀವದ ಕೀರ್ತನಪುಸ್ತಕದಿಂದ ಬಂದ 'ಓಲ್ಡ್ ಹಂಡ್ರೆಡ್ತ್' ರಾಗವನ್ನೇ ತೆಗೆದುಕೊಳ್ಳೋಣ. ಜಿ ಶ್ರುತಿಯಲ್ಲಿ ಅದರ ಸೊಪ್ರಾನೊ ಮತ್ತು ಆಲ್ಟೊಗಳನ್ನು ಬಿ ಫ್ಲಾಟ್‌ಗಳು ನಿರಾಯಾಸವಾಗಿ ನುಡಿಸುತ್ತವೆ. ಟೆನರನ್ನೂ ಮೂರನೆಯ ಪಂಕ್ತಿಯು ಹೇಗೋ ಸಾಗಿಸುತ್ತದೆ. ಬಾಸಿನ ಸಾಲಿಗೆ ಬಂದೊಡನೆ ಬಿ ಫ್ಲಾಟಿನ ಕೊಳವೆ ಮುಗಿದುಹೋಗುತ್ತದೆ. ಅಲ್ಲಿ ಬಾಸ್ ಕ್ಲಾರಿಯೊನೆಟ್ ಹಿಡಿದ ಒಬ್ಬಳೇ ಬಾಲಿಕೆಯು, ತನ್ನ ಕಂಠಕ್ಕೆ ದೇವರು ಕೊಡದ ದನಿಯನ್ನು ತನ್ನ ಉಸಿರಿನಿಂದ ಕೊಟ್ಟು, ಗೀತವನ್ನು ನೆಲಕ್ಕೆ ಊರಿ ನಿಲ್ಲಿಸುತ್ತಾಳೆ. ಬಾಸ್ ಎಂದರೆ ಗಂಡಸರ ಪಾಲಿನದೆಂದು ಎಣಿಸಿ ಬೆಳೆದ ಬಾಲಿಕೆಯರು ಇದನ್ನು ಕೇಳಿ ಅನುಭವಿಸಬೇಕು.

ಇದೇ ರಾಗದಲ್ಲಿ ಇನ್ನೊಂದು ಪಾಠವೂ ಅಡಗಿದೆ. ಜಿ ಶ್ರುತಿಯಲ್ಲಿ ಬಿ ಫ್ಲಾಟ್ ವಾದಕಿಯರಿಗೆ ಮೂರು ಶಾರ್ಪ್‌ಗಳು ಬರುತ್ತವೆ. ಅಷ್ಟೇ ಅಲ್ಲದೆ, ಬಹುಪಾಲು ಬೆರಳುಗಳನ್ನೆತ್ತಿ ನುಡಿಸುವ ಸ್ವರದಿಂದ ಎಲ್ಲ ರಂಧ್ರಗಳನ್ನೂ ಮುಚ್ಚಿ ನುಡಿಸುವ ಸ್ವರಕ್ಕೆ ಮೊದಲ ಸಾಲಿನಲ್ಲಿಯೇ ದಾಟಬೇಕಾಗುತ್ತದೆ. ಹೊಸಬರು ಕೀರಲು ದನಿ ಹೊರಡಿಸುವುದು ಈ ದಾಟಿನಲ್ಲಿಯೇ. ರಾಗವನ್ನು ಇ ಫ್ಲಾಟಿಗೆ ಇಳಿಸಿದರೆ ಒಂದೇ ಫ್ಲಾಟ್. ದಾಟು ಬರುವುದು ಕಡೆಯ ಸಾಲಿನ ಆರಂಭದಲ್ಲಿ ಒಂದೇ ಒಂದು ಸಲ, ಅದೂ ಉಸಿರು ತೆಗೆದುಕೊಂಡ ಮೇಲೆ. ಹಾಡುವವರಿಗೆ ಇದು ತಗ್ಗಾದರೂ ಮೊದಲ ವರುಷದ ಅಭ್ಯಾಸಕ್ಕೆ ಹೀಗೆಯೇ ಇರಲಿ.

ಈಗ ಕಷ್ಟದ ಲೆಕ್ಕ. ಒಂದು ಬಾಸ್ ಕ್ಲಾರಿಯೊನೆಟ್ಟಿನ ಬೆಲೆಗೆ ಹಲವು ಬಿ ಫ್ಲಾಟ್‌ಗಳು ಬರುತ್ತವೆ. ಅದನ್ನು ಕೊಂಡರೆ ಅಷ್ಟು ಬಾಲಿಕೆಯರು ವಾದ್ಯವಿಲ್ಲದೆ ಹೊರಗುಳಿಯಬೇಕಾದೀತು. ಅವರಲ್ಲಿ ಎಷ್ಟೋ ಮಂದಿಗೆ ಶಾಲೆಯ ಹೊರಗೆ ಇಂಥದನ್ನು ಮುಟ್ಟುವ ಸಂದರ್ಭವೇ ಇರದು. ಒಬ್ಬಳ ತಳಹದಿಗಾಗಿ ನಾಲ್ವರನ್ನು ಬಾಗಿಲ ಹೊರಗೆ ನಿಲ್ಲಿಸುವುದು ನ್ಯಾಯವೇ? ನಮ್ಮ ಅಭಿಪ್ರಾಯವಿದು: ಆರು ಬಿ ಫ್ಲಾಟ್‌ಗಳಾಗುವವರೆಗೆ ಬೇರೆಯದನ್ನು ನೆನೆಯಬಾರದು. ಆರಾದ ಮೇಲೆ ಏಳನೆಯದು ಬಾಸ್ ಆಗಿರಲಿ. ಅದಿಲ್ಲದೆ ಹನ್ನೆರಡು ಬಿ ಫ್ಲಾಟ್‌ಗಳು ಸೇರಿದರೂ ಬ್ಯಾಂಡಾಗದೆ ಗುಂಪಾಗಿಯೇ ಉಳಿಯುತ್ತವೆ. ಬ್ಯಾಂಡಿನಲ್ಲಿ ಟ್ಯೂಬ ಅಥವಾ ಯೂಫೋನಿಯಂ ಮೊದಲೇ ಇದ್ದಲ್ಲಿ ಮಾತ್ರ ಬಾಸನ್ನು ಒಂದೆರಡು ವರುಷ ಮುಂದೂಡಬಹುದು. ಕ್ರೀಡಾದಿನದಲ್ಲಿ ನಡೆಯುತ್ತ ನುಡಿಸುವುದೇ ಬ್ಯಾಂಡಿನ ಮುಖ್ಯ ಉದ್ದೇಶವಾಗಿದ್ದರೂ ಹಾಗೆಯೇ. ಕುಳಿತು ನುಡಿಸತಕ್ಕ ವಾದ್ಯವನ್ನು ಹೊತ್ತು ಮೈದಾನ ಸುತ್ತುವುದು ಯಾರಿಗೂ ಸುಖವಲ್ಲ, ಅದರ ದನಿಯನ್ನು ಡ್ರಮ್ಮು ಹೇಗೂ ನುಂಗಿಬಿಡುತ್ತದೆ. ಬಾಸಿಗೆ ಎತ್ತರದವಳನ್ನೇ ಹುಡುಕಬೇಕಾಗಿಲ್ಲ. ಅದರ ರಂಧ್ರಗಳನ್ನು ಲೋಹದ ಮುಚ್ಚಳಗಳು ಮುಚ್ಚುವುದರಿಂದ ಬೆರಳು ತೆಳ್ಳಗಿದ್ದರೂ ನಡೆಯುತ್ತದೆ; ಕಾಲಪ್ರಮಾಣ ತಪ್ಪದವಳೂ ತಾಳ್ಮೆಯುಳ್ಳವಳೂ ಆಗಿದ್ದರೆ ಸಾಕು.

ಹೊರನಾಡಿನ ಮಿತ್ರರು ದಾನವಾಗಿ ಕಳುಹಿಸುವ ಹಳೆಯ ವಾದ್ಯಗಳನ್ನು ಕೃತಜ್ಞತೆಯಿಂದ ಸ್ವೀಕರಿಸಬೇಕು. ಆದರೆ ಪರೀಕ್ಷಿಸದೆ ಮಕ್ಕಳ ಕೈಗೆ ಕೊಡಬಾರದು. ಮಧ್ಯ ಸ್ಥಾಯಿಯ 'ಎ' ಸ್ವರಕ್ಕೆ ಸೆಕೆಂಡಿಗೆ 440 ಕಂಪನಗಳೆಂದು 1939ರ ಲಂಡನ್ ಸಭೆಯಲ್ಲಿ ಗೊತ್ತುಪಡಿಸುವುದಕ್ಕೆ ಮೊದಲು ಅದಕ್ಕಿಂತ ಏರುಶ್ರುತಿಯ ವಾದ್ಯಗಳು ಎಷ್ಟೋ ತಯಾರಾಗಿದ್ದುವು. ಅಂಥ ಕೆಲವುಗಳ ಮೇಲೆ ಎಚ್.ಪಿ. ಎಂಬ ಮುದ್ರೆಯಿರುತ್ತದೆ. ಅವು ಹಾರ್ಮೋನಿಯಂನೊಡನೆ ಎಂದಿಗೂ ಕೂಡವು. ಕೀಲು ಎಷ್ಟು ಎಳೆದರೂ ಒಂದು ಸ್ವರ ಸರಿಯಾದರೆ ಇನ್ನೊಂದು ಕೆಡುತ್ತದೆ. ಅವುಗಳನ್ನು ಕಪಾಟಿನಲ್ಲಿ ತೋರಿಕೆಗೆ ಇಡುವುದೇ ಉಚಿತ. ಕೀಲಿಗಳ ಪದ್ಧತಿಯೂ ಎಲ್ಲ ವಾದ್ಯಗಳಿಗೆ ಒಂದೇ ಆಗಿರಬೇಕು. ಪಕ್ಕದವಳ ಬೆರಳನ್ನು ನೋಡಿ ಕಲಿಯುವುದೇ ಮಕ್ಕಳ ವಾಡಿಕೆಯಾದುದರಿಂದ, ಪದ್ಧತಿ ಎರಡಾದರೆ ಇಬ್ಬರೂ ಕೆಡುತ್ತಾರೆ.

ಆಫ್ರಿಕದ ಕರಿಮರದ ಕ್ಲಾರಿಯೊನೆಟ್ ನೋಟಕ್ಕೂ ನಾದಕ್ಕೂ ಶ್ರೇಷ್ಠ. ಆದರೆ ಬಯಲುಸೀಮೆಯ ಚಳಿಗಾಲದ ಒಣಗಾಳಿಯಲ್ಲಿ ತಣ್ಣಗಿರುವ ಮರದೊಳಕ್ಕೆ ಬಿಸಿಯುಸಿರು ತುಂಬಿದರೆ ಅದು ಸೀಳುವುದುಂಟು. ಕರಾವಳಿಯ ಮಳೆಯಲ್ಲಿ ಕೀಲುಗಳು ಉಬ್ಬಿ ಬಿಡಿಸಲು ಬಾರವು. ಶಾಲೆಗೆ ಪ್ಲಾಸ್ಟಿಕ್ಕಿನದೇ ಕ್ಷೇಮ. ಅದರಲ್ಲಿ ನಾಚಿಕೆಪಡಬೇಕಾದುದೇನೂ ಇಲ್ಲ. ಉಳಿಸಿದ ಹಣದಲ್ಲಿ ಪ್ರತಿಯೊಬ್ಬ ಬಾಲಿಕೆಗೂ ಸ್ವಂತದ ಬಾಯಿತುಂಡನ್ನೂ ರೀಡುಗಳನ್ನೂ ಕೊಡಿಸಬೇಕು. ವಾದ್ಯವನ್ನು ಇಬ್ಬರು ಹಂಚಿಕೊಳ್ಳಬಹುದು, ಬಾಯಿಗಿಡುವುದನ್ನು ಹಂಚಿಕೊಳ್ಳಲಾಗದು. ರೀಡುಗಳ ಗಡಸುತನವನ್ನು ಅಂಕೆಗಳಿಂದ ಸೂಚಿಸುತ್ತಾರೆ. ಹೊಸಬರಿಗೆ ಒಂದೂವರೆ ಅಥವಾ ಎರಡರದು ಸಾಕು. ನುಡಿಸಿದ ಕೂಡಲೆ ರೀಡನ್ನು ಬಿಚ್ಚಿ, ಒರೆಸಿ, ಚಪ್ಪಟೆಯಾಗಿ ಇಟ್ಟು ಒಣಗಿಸತಕ್ಕದ್ದು. ಕೊಳವೆಯೊಳಗೆ ಬಟ್ಟೆ ಹಾಯಿಸಿದ ಮೇಲೆಯೇ ಪೆಟ್ಟಿಗೆ ಮುಚ್ಚತಕ್ಕದ್ದು. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಪೆಟ್ಟಿಗೆಗಳನ್ನು ನೆಲದ ಮೇಲಿಡದೆ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇರಿಸುವುದು ಒಳ್ಳೆಯದು.