ಮುಖ ಸೊಟ್ಟಾದಾಗ ಮೂರು ದಿನದ ಬೆಲೆ



ಹಸುವಿಗೆ ಕೆಚ್ಚಲು ಬಾವು ಕಂಡರೆ ತಾವು ಅಂದೇ ಪಶುವೈದ್ಯರಿಗೆ ಹೇಳಿ ಕಳುಹಿಸುತ್ತೀರಿ. ಆದರೆ ಮನೆಯವರ ಮುಖ ಇದ್ದಕ್ಕಿದ್ದಂತೆ ಒಂದು ಕಡೆ ಸೊಟ್ಟಾದರೆ, ಗಾಳಿ ಸೋಕಿದೆ, ತಾನೇ ಸರಿಹೋಗುತ್ತದೆ ಎಂದು ಕಾಯುವುದುಂಟು. ಹೀಗೆ ಕಾಯುವುದು ಮುಂದೆ ದುಬಾರಿಯಾಗಬಹುದು.

ಏನಿದು?

ಮುಖದ ಸ್ನಾಯುಗಳನ್ನು ಆಡಿಸುವ ನರವು ಕಿವಿಯ ಬಳಿ ಮೂಳೆಯ ಕಿರಿದಾದ ದಾರಿಯಲ್ಲಿ ಹಾದು ಬರುತ್ತದೆ. ಅದು ಊದಿಕೊಂಡರೆ ಅಲ್ಲಿಯೇ ಅದುಮಿಕೊಂಡು ಕೆಲಸ ನಿಲ್ಲಿಸುತ್ತದೆ. ಆಗ ಆ ಕಡೆಯ ಕಣ್ಣು ಮುಚ್ಚುವುದಿಲ್ಲ, ಕುಡಿದ ನೀರು ಬಾಯಂಚಿನಿಂದ ಸೋರುತ್ತದೆ. ಇದನ್ನು ವೈದ್ಯರು ಬೆಲ್ಸ್ ಪಾಲ್ಸಿ ಎನ್ನುತ್ತಾರೆ. ಇದರೊಂದಿಗೆ ಕೈಕಾಲು ಸೋತರೆ ಅಥವಾ ಮಾತು ತೊದಲಿದರೆ ಅದು ಮಿದುಳಿಗೆ ಬಡಿದ ಲಕ್ವ ಇರಬಹುದು. ಕೂಡಲೇ 108ಕ್ಕೆ ಕರೆ ಮಾಡಿ.

ಮೂರು ದಿನದೊಳಗೆ

72 ಗಂಟೆಯೊಳಗೆ ಪ್ರೆಡ್ನಿಸೊಲೋನ್ ಮಾತ್ರೆ ಆರಂಭಿಸಿದರೆ ಗುಣ ಹೆಚ್ಚು. 2007ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ಅಧ್ಯಯನದಲ್ಲಿ, ಈ ಮಾತ್ರೆ ಪಡೆದವರಲ್ಲಿ ಮೂರು ತಿಂಗಳಿಗೆ ಶೇ. 83 ಮಂದಿ ಪೂರ್ತಿ ಗುಣವಾದರು, ಪಡೆಯದವರಲ್ಲಿ ಶೇ. 64 ಮಂದಿ. ಮಾತ್ರೆಯ ಬೆಲೆ ಹೆಚ್ಚಲ್ಲ. ಆದರೆ ವೈದ್ಯರನ್ನು ಕೇಳದೆ ನುಂಗಬೇಡಿ. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ತಿಳಿಸಿ. ಕಣ್ಣಿಗೆ ಹನಿ ಹಾಕಿ, ರಾತ್ರಿ ರೆಪ್ಪೆ ಮುಚ್ಚಿ ಪಟ್ಟಿ ಅಂಟಿಸಬೇಕು. ಮೇವು ಕತ್ತರಿಸುವಾಗ, ಬೂಸಾ ಸುರಿಯುವಾಗ ಧೂಳು ಬೀಳದಂತೆ ಕನ್ನಡಕ ಧರಿಸಿ.

ಖರ್ಚು ಯಾರದು?

ತಾರತಮ್ಯ ಇರುವುದು ಇಲ್ಲಿ. ಸಹಕಾರಿಗಳಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು, 2022ರ ನಂತರ ಮತ್ತೆ ಜಾರಿಗೆ ಬಂದಿದೆ. ಇದಾಗಲಿ, ಆಯುಷ್ಮಾನ್ ಯೋಜನೆಯಾಗಲಿ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗುವವರಿಗೆ. ಈ ಕಾಯಿಲೆಗೆ ಹಾಸಿಗೆ ಬೇಕಿಲ್ಲ. ಬೇಕಾದದ್ದು ಮಾತ್ರೆ, ಕಣ್ಣಿನ ಹನಿ, ತಿಂಗಳುಗಟ್ಟಲೆ ಮುಖದ ವ್ಯಾಯಾಮ. ವ್ಯಾಯಾಮ ಕಲಿಸುವ ತಜ್ಞರು ಹೆಚ್ಚಾಗಿ ದೊಡ್ಡ ನಗರಗಳಲ್ಲಿದ್ದಾರೆ. ಬಸ್ ಚಾರ್ಜು, ಆ ದಿನದ ಹಾಲು ಕರೆಯಲು ಆಳು, ಎಲ್ಲವೂ ಬಟವಾಡೆ ಹಣದಿಂದಲೇ ಹೋಗಬೇಕು. ನಗರವಾಸಿಗೆ ಅರ್ಧ ದಿನದ ಕೆಲಸ, ಹಳ್ಳಿಯವರಿಗೆ ಒಂದು ದಿನದ ದುಡಿಮೆ.

ಮೂರು ತಿಂಗಳಾದರೂ ಗುಣವಾಗದಿದ್ದರೆ ತಜ್ಞರಲ್ಲಿಗೆ ಚೀಟಿ ಕೇಳಿ ಪಡೆಯಿರಿ. ಪೆಟ್ಟಿನಿಂದಲೋ ಗೆಡ್ಡೆಯ ಶಸ್ತ್ರಚಿಕಿತ್ಸೆಯಿಂದಲೋ ನರವೇ ಕಡಿದಿದ್ದರೆ ಕಾಯಲೇಬಾರದು. ಒಂದು, ಒಂದೂವರೆ ವರ್ಷ ಕಳೆದರೆ ಸ್ನಾಯು ಸೊರಗಿ, ನರ ಜೋಡಿಸಿದರೂ ಫಲ ಕಡಿಮೆ.

ಖಾಸಗಿ ವಿಮೆಯವರು ಇಂತಹ ಶಸ್ತ್ರಚಿಕಿತ್ಸೆಯನ್ನು ಸೌಂದರ್ಯಕ್ಕಾಗಿ ಎಂದು ತಳ್ಳಿಹಾಕಬಹುದು. ಕಣ್ಣು ಮುಚ್ಚುವುದಿಲ್ಲ, ಊಟ ಸೋರುತ್ತದೆ, ಆದ್ದರಿಂದ ಚಿಕಿತ್ಸೆ ಅಗತ್ಯ ಎಂದು ವೈದ್ಯರಿಂದ ಬರೆಸಿಕೊಳ್ಳಿ. ತಮ್ಮ ಯೋಜನೆಯ ಪಟ್ಟಿಯಲ್ಲಿ ಯಾವ ಚಿಕಿತ್ಸೆ ಇದೆ ಎಂಬುದನ್ನು ಸಂಘದ ಕಾರ್ಯದರ್ಶಿಯವರಲ್ಲಿ ವಿಚಾರಿಸಿ. ಇಲ್ಲವೆಂದಾದರೆ ಸರ್ವ ಸದಸ್ಯರ ಸಭೆಯಲ್ಲಿ ಕೇಳಿ, ನಡಾವಳಿಯಲ್ಲಿ ಬರೆಸಿ. ಒಬ್ಬರ ಅಳಲು ಅರ್ಜಿಯಾಗಿಯೇ ಉಳಿಯಬಹುದು. ಸಂಘದ ನಿರ್ಣಯವನ್ನು ಕಡೆಗಣಿಸುವುದು ಅಷ್ಟು ಸುಲಭವಲ್ಲ.