ಗಣಿಯೂರಿನವರು ನೋಡಬೇಕಾದ ಮಠ

ಹಳೆ ಗೋವಾಕ್ಕೆ ಹೋಗುವ ಟೂರಿಸ್ಟ್ ಬಸ್ಸುಗಳೆಲ್ಲ ನಿಲ್ಲುವುದು ಬೊಮ್ ಜೀಸಸ್ ಬೆಸಿಲಿಕಾದ ಹತ್ತಿರ. ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ದೇಹವಿರುವ ಬೆಳ್ಳಿಯ ಪೆಟ್ಟಿಗೆಗೆ ಕೈಮುಗಿದು, ಎದುರಿನ ಸೆ ಕೆಥೆಡ್ರಲ್‌ಗೊಂದು ಸುತ್ತು ಹಾಕಿ, ಫೋಟೊ ತೆಗೆಸಿಕೊಂಡು ಜನ ಬೀಚಿನ ಕಡೆ ಹೊರಟುಬಿಡುತ್ತಾರೆ. ಬೆಸಿಲಿಕಾದಿಂದ ಪಶ್ಚಿಮಕ್ಕೆ ಏರುವ ರಸ್ತೆಯಲ್ಲಿ ಸ್ವಲ್ಪ ನಡೆದರೆ ಮೊಂಟೆ ಸಾಂಟೊ ಗುಡ್ಡ ಸಿಗುತ್ತದೆ. ಅದರ ಮೇಲೆ ಕೆಂಪು ಮುರಕಲ್ಲಿನ ಸೀಳು ಗೋಪುರವೊಂದು ಒಂಟಿಯಾಗಿ ನಿಂತಿದೆ. ಸಂತ ಅಗಸ್ಟೀನರ ಪಂಥದ ಪೋರ್ಚುಗೀಸ್ ಸನ್ಯಾಸಿಗಳ ಮಠ ಇದ್ದದ್ದು ಅಲ್ಲಿ.

ಕೆಜಿಎಫ್, ಬಂಗಾರಪೇಟೆ ಕಡೆಯಿಂದ ಗೋವಾಕ್ಕೆ ಹೋಗುವವರು ಇದನ್ನು ನೋಡದೆ ಬರಬಾರದು ಎನ್ನಲು ಕಾರಣವಿದೆ. ಒಂದೇ ಉದ್ದೇಶಕ್ಕಾಗಿ ಎದ್ದ ದೊಡ್ಡ ಸಂಸ್ಥೆ, ಆ ಉದ್ದೇಶಕ್ಕೆ ಬಾಗಿಲು ಬಿದ್ದ ಮರುದಿನದಿಂದ ಏನಾಗುತ್ತದೆ ಎಂಬುದನ್ನು ನಮ್ಮವರಿಗೆ ಯಾರೂ ಹೇಳಿಕೊಡಬೇಕಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಬೆಳೆದ ನಮ್ಮ ಕೋಲಾರದ ಚಿನ್ನದ ಗಣಿ, 2001ರ ಫೆಬ್ರುವರಿ 28ರಂದು ಮುಚ್ಚಿತು. ಪಂಪುಗಳು ನಿಂತವು, ಶಾಫ್ಟುಗಳಲ್ಲಿ ನೀರು ತುಂಬಿತು. ಅಗಸ್ಟೀನ್ ಮಠದ್ದೂ ಇದೇ ಜಾತಿಯ ಕಥೆ. ಅದು ನಡೆದು ಎರಡು ಶತಮಾನವಾಗುತ್ತ ಬಂದಿರುವುದರಿಂದ, ಮುಂದೇನಾಯಿತು ಎಂಬುದೂ ಅಲ್ಲಿ ಕಣ್ಣಿಗೆ ಕಾಣುತ್ತದೆ.

ಗೋವಾ ನಮಗೆ ಪರಕೀಯವಲ್ಲ. ಹಲಸಿಯಲ್ಲಿ ನರಸಿಂಹ ದೇವಾಲಯವನ್ನು ಬೆಳೆಸಿದ ಗೋವೆಯ ಕದಂಬರ ಹೆಸರು ಇವತ್ತಿಗೂ ಅಲ್ಲಿನ ಸರ್ಕಾರಿ ಬಸ್ಸಿನ ಮೇಲಿದೆ. 1510ರಲ್ಲಿ ಪೋರ್ಚುಗೀಸರ ಆಲ್ಬುಕರ್ಕ್ ಬಿಜಾಪುರದ ಆದಿಲಶಾಹಿಗಳಿಂದ ಈ ಊರನ್ನು ಕಸಿದುಕೊಂಡಾಗ ಅವನಿಗೆ ಹಡಗು, ಜನ, ಸುದ್ದಿ ಒದಗಿಸಿದವನು ಹೊನ್ನಾವರದ ಕಡೆಯ ತಿಮೋಜ. ಆಮೇಲೆ ಫ್ರಾನ್ಸಿಸ್ಕನ್, ಜೆಸ್ಯೂಟ್, ಡೊಮಿನಿಕನ್ ಪಾದ್ರಿಗಳು ಒಬ್ಬರ ಹಿಂದೊಬ್ಬರು ಬಂದರು. ಅಗಸ್ಟೀನರು ಬಂದದ್ದು 1572ರಲ್ಲಿ. ಅವರ ಮಠದ ದೊಡ್ಡ ಚರ್ಚು ಕೃಪಾಮಾತೆಯ ಹೆಸರಿನದು, 1602ರಲ್ಲಿ ಪೂರ್ತಿಯಾಯಿತು. ಪರ್ಷಿಯಾದ ಇಸ್ಫಹಾನ್, ಬಂಗಾಳದ ಹೂಗ್ಲಿ, ಆಫ್ರಿಕಾದ ಮೊಂಬಾಸಾಗಳಲ್ಲಿದ್ದ ಈ ಪಂಥದ ಪಾದ್ರಿಗಳಿಗೆ ಈ ಗುಡ್ಡವೇ ಹೆಡ್ ಆಫೀಸು.

ಈಗ ಒಳಹೋದರೆ ಮೇಲೆ ಚಾವಣಿಯಿಲ್ಲ. ನಡುವಂಕಣದ ಎರಡೂ ಬದಿ ಪ್ರಾರ್ಥನಾ ಕೋಣೆಗಳು, ತುದಿಯಲ್ಲಿ ಬಲಿಪೀಠದ ಜಾಗ, ಎಲ್ಲವೂ ಆಳೆತ್ತರದಿಂದ ಹಿಡಿದು ಮೂರಾಳೆತ್ತರದವರೆಗೆ ಅಂಕುಡೊಂಕಾಗಿ ಉಳಿದ ಗೋಡೆಗಳು. ಕಾಲಡಿಯಲ್ಲಿ ಸಮಾಧಿಯ ಚಪ್ಪಡಿಗಳಿವೆ. ಒಂದೊಂದರ ಮೇಲೂ ಸತ್ತವರ ಹೆಸರು, ಮನೆತನದ ಲಾಂಛನ, ಕೆಲವುಗಳ ಮೇಲೆ ತಲೆಬುರುಡೆ. ಬಗ್ಗಿ ನೋಡಿದರೆ ಅಕ್ಷರಗಳು ಈಗಲೂ ಬೆರಳಿಗೆ ಸಿಗುವಷ್ಟು ಆಳವಾಗಿವೆ. ಅಲ್ಲಲ್ಲಿ ಗೋಡೆಗೆ ಅಂಟಿಕೊಂಡಿರುವ ನೀಲಿ, ಹಳದಿ ಬಣ್ಣದ ಮೆರುಗು ಬಿಲ್ಲೆಗಳ ಚೂರುಗಳನ್ನೂ ಕಾಣಬಹುದು. ಒಂದು ಕಾಲಕ್ಕೆ ಈ ಗೋಡೆಗಳು ಹೀಗೆ ಬೋಳಾಗಿರಲಿಲ್ಲ ಎಂಬುದಕ್ಕೆ ಉಳಿದ ಸಾಕ್ಷಿ ಅವು.

ಗೋಪುರದ ಬುಡದಲ್ಲಿ ನಿಂತು ಕಲ್ಲನ್ನು ಹತ್ತಿರದಿಂದ ನೋಡಬೇಕು. ಮುರಕಲ್ಲು ನಮ್ಮ ಕೋಲಾರದ ಬಿಳಿಕಲ್ಲಿನಂಥದ್ದಲ್ಲ. ನೆಲದಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಗಟ್ಟಿಯಾಗುತ್ತದೆ. ಮೈತುಂಬ ಜೇನುಗೂಡಿನ ಹಾಗೆ ತೂತು. ಕರಾವಳಿಯ ಮಳೆ ಆ ತೂತುಗಳಿಗೆ ಇಳಿಯದಂತೆ ಹಳಬರು ಸುಣ್ಣದ ಗಾರೆ ಮೆತ್ತಿ, ವರ್ಷ ವರ್ಷವೂ ಸುಣ್ಣ ಬಳಿಯುತ್ತಿದ್ದರು. ಕೆಳಗಿನ ಬೊಮ್ ಜೀಸಸ್ ಬೆಸಿಲಿಕಾ ಕೂಡ ಕೆಂಪಗಿರುವುದು ಹುಟ್ಟಿನಿಂದಲ್ಲ. ಪುರಾತನವಾಗಿ ಕಾಣಲೆಂದು 1950ರ ದಶಕದಲ್ಲಿ ಅದರ ಗಾರೆ ಕೆರೆದು ತೆಗೆದರು. ಮತ್ತೆ ಗಾರೆ ಮಾಡಬೇಕೇ ಬೇಡವೇ ಎಂಬ ಜಗಳ ಗೋವಾದಲ್ಲಿ ಇನ್ನೂ ನಿಂತಿಲ್ಲ. ಮಠದ ಗೋಡೆಗಳ ಗಾರೆಯನ್ನು ಯಾರೂ ಕೆರೆಯಲಿಲ್ಲ. ಬಳಿಯುವವರಿಲ್ಲದೆ ತಾನಾಗಿ ಉದುರಿತು.

ಬಳಿಯುವವರು ಇಲ್ಲವಾದದ್ದು ಹೇಗೆ? ಯುದ್ಧದಿಂದಲ್ಲ, ಭೂಕಂಪದಿಂದಲ್ಲ. ಮಲೇರಿಯಾ, ಕಾಲರಾದಂಥ ಪಿಡುಗುಗಳಿಗೆ ಸಿಕ್ಕಿ ಊರು 17ನೇ ಶತಮಾನದಿಂದಲೇ ಸೊರಗುತ್ತಿತ್ತು. ವೈಸರಾಯ್ 1759ರಲ್ಲಿ ಪಣಜಿಗೆ ವಾಸ ಬದಲಿಸಿದ. ಕೊನೆಯ ಪೆಟ್ಟು ಬಿದ್ದದ್ದು ಲಿಸ್ಬನ್ನಿನಿಂದ. ಅಲ್ಲಿನ ಉದಾರವಾದಿ ಸರ್ಕಾರ 1834ರಲ್ಲಿ ಸನ್ಯಾಸಿ ಪಂಥಗಳನ್ನೇ ರದ್ದು ಮಾಡಿ ಆಸ್ತಿ ಮುಟ್ಟುಗೋಲು ಹಾಕಿಕೊಂಡಿತು. ಮರುವರ್ಷ ಅದು ಗೋವಾದಲ್ಲಿ ಜಾರಿಯಾಗಿ ಮಠ ಖಾಲಿಯಾಯಿತು. ಏಳು ಮಳೆಗಾಲ ಕಳೆಯುವುದರೊಳಗೆ, 1842ರಲ್ಲಿ, ಚರ್ಚಿನ ಕಮಾನು ಚಾವಣಿ ಕುಸಿಯಿತು. ಮುಂಭಾಗ ಮತ್ತು ಗೋಪುರದ ಅರ್ಧ ಬಿದ್ದದ್ದು 1931ರಲ್ಲಿ. ಇನ್ನೂರ ಮೂವತ್ತು ವರ್ಷ ನಿಂತಿದ್ದ ಚಾವಣಿ, ಹೆಂಚು ಸರಿಪಡಿಸುವ ಕೈ ಇಲ್ಲವಾದ ಮೇಲೆ ಒಂದು ದಶಕವನ್ನೂ ತಡೆಯಲಿಲ್ಲ.

ಗೋಪುರದ ಗಂಟೆ ಮಾತ್ರ ಬದುಕಿಕೊಂಡಿತು. ಅದನ್ನು ಇಳಿಸಿ ಕೆಲವು ಕಾಲ ಅಗುವಾಡ ಕೋಟೆಯ ದೀಪಸ್ತಂಭದಲ್ಲಿಟ್ಟು, 1871ರಲ್ಲಿ ಪಣಜಿಗೆ ತಂದರು. ಊರ ನಡುವೆ ಮೆಟ್ಟಿಲುಗಳ ಮೇಲೆ ಬೆಳ್ಳಗೆ ಕಾಣುವ ಇಮ್ಯಾಕ್ಯುಲೇಟ್ ಕನ್ಸೆಪ್ಷನ್ ಚರ್ಚಿನಲ್ಲಿ ಈಗ ಹೊಡೆಯುವುದು ಅದೇ ಗಂಟೆ.

ಮಠ ಮತ್ತೆ ಸುದ್ದಿಗೆ ಬಂದದ್ದು ಒಬ್ಬ ರಾಣಿಯಿಂದ. ಇವತ್ತಿನ ಜಾರ್ಜಿಯಾ ದೇಶದ ಪೂರ್ವಭಾಗದಲ್ಲಿದ್ದ ಕಾಖೇತಿ ರಾಜ್ಯದ ರಾಣಿ ಕೆತೆವಾನ್ ಪರ್ಷಿಯಾದ ಷಾ ಅಬ್ಬಾಸನ ಸೆರೆಯಲ್ಲಿದ್ದಳು. ಮತ ಬಿಡಲು ಒಪ್ಪದ ಅವಳನ್ನು 1624ರಲ್ಲಿ ಶಿರಾಜಿನಲ್ಲಿ ಚಿತ್ರಹಿಂಸೆ ಕೊಟ್ಟು ಕೊಂದರು. ಅಲ್ಲಿದ್ದ ಅಗಸ್ಟೀನ್ ಪಾದ್ರಿಗಳು ಗುಟ್ಟಾಗಿ ಅವಳ ಮೂಳೆಗಳನ್ನು ತೆಗೆದಿಟ್ಟು, ಒಂದಷ್ಟನ್ನು ಗೋವಾದ ಮಠಕ್ಕೆ ತಂದರು. ಎಲ್ಲಿಟ್ಟೆವೆಂದು ಬರೆದೂ ಇಟ್ಟರು: ಮಠದ ಸಭಾಗೃಹದಲ್ಲಿ, ಎರಡನೆಯ ಕಿಟಕಿಯಲ್ಲಿ, ಕಲ್ಲಿನ ಪೆಟ್ಟಿಗೆಯೊಳಗೆ. ಜಾರ್ಜಿಯಾದ ಜನಕ್ಕೆ ಆಕೆ ಸಂತಳು. ಅಲ್ಲಿಂದ ಬಂದ ತಂಡಗಳು ಹುಡುಕಿದಾಗ ಸಿಕ್ಕಿರಲಿಲ್ಲ; ಕಟ್ಟಡವೇ ಮಣ್ಣಾದ ಮೇಲೆ ಎರಡನೆಯ ಕಿಟಕಿ ಯಾವುದು? ಪುರಾತತ್ವ ಇಲಾಖೆಯವರು ಅವಶೇಷ ತೆರವು ಮಾಡುತ್ತ, ಮಠದ ನಕ್ಷೆಯನ್ನು ನೆಲದ ಮೇಲೆಯೇ ಓದಿಕೊಂಡು ಬಂದು, 2004ರ ಹೊತ್ತಿಗೆ ಆ ಜಾಗದ ಆಸುಪಾಸಿನಲ್ಲಿ ಮೂಳೆಗಳನ್ನು ಕಂಡರು. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಡಿಎನ್‌ಎ ಪರೀಕ್ಷಿಸಿದಾಗ ಒಂದು ಮೂಳೆಯ ತಾಯಿವಂಶದ ಗುರುತು ಭಾರತದವರಲ್ಲಿ ಕಾಣದ್ದಾಗಿತ್ತು, ಜಾರ್ಜಿಯಾದವರಲ್ಲಿ ಸಿಗುವಂಥದ್ದಾಗಿತ್ತು. 2021ರ ಜುಲೈನಲ್ಲಿ ವಿದೇಶಾಂಗ ಸಚಿವ ಜೈಶಂಕರ್ ಆ ಅವಶೇಷದ ಒಂದು ಭಾಗವನ್ನು ಟಿಬಿಲಿಸಿಯಲ್ಲಿ ಒಪ್ಪಿಸಿದರು.

ಎದುರುಗಡೆ ರಸ್ತೆಯಾಚೆ ಇರುವ ಸಾಂತಾ ಮೋನಿಕಾ ಸನ್ಯಾಸಿನಿಯರ ಮಠವನ್ನೂ ನೋಡಿ. 1606ರಲ್ಲಿ ಅದಕ್ಕೆ ಅಡಿಪಾಯ ಹಾಕಿಸಿದ ಆರ್ಚ್‌ಬಿಷಪ್ ಅಲೇಶೊ ಡ ಮೆನೆಜಸ್ ಕೂಡ ಅಗಸ್ಟೀನ್ ಪಂಥದವರೇ. ರದ್ದತಿಯ ಕಾನೂನು ಹೆಂಗಸರನ್ನು ಹೊರಹಾಕಲಿಲ್ಲ, ಹೊಸಬರನ್ನು ಸೇರಿಸಿಕೊಳ್ಳಬಾರದೆಂದಷ್ಟೇ ಹೇಳಿತು. ಕೊನೆಯ ಸನ್ಯಾಸಿನಿ ತೀರಿಕೊಂಡದ್ದು 1885ರಲ್ಲಿ. ಒಳಗೆ ಜನ ವಾಸವಿದ್ದ ಆ ಐವತ್ತು ವರ್ಷ ಕಟ್ಟಡಕ್ಕೆ ದಕ್ಕಿತು. ಇವತ್ತಿಗೂ ಅದಕ್ಕೆ ಚಾವಣಿ ಇದೆ, ಕ್ರೈಸ್ತ ಕಲೆಯ ಮ್ಯೂಸಿಯಂ ಇದೆ. ಒಂದೇ ಗುಡ್ಡ, ಒಂದೇ ಕಲ್ಲು, ಒಂದೇ ಮಳೆ. ಎರಡು ಮಠಗಳ ಗತಿ ಬೇರೆಯಾದದ್ದು ಇಷ್ಟರಿಂದಲೇ.

ಹೋಗುವುದು ಕಷ್ಟವಲ್ಲ. ಮಾರಿಕುಪ್ಪಂ, ಬಂಗಾರಪೇಟೆಯಿಂದ ಬೆಂಗಳೂರು ಸೇರಿದರೆ ಯಶವಂತಪುರದಿಂದ ವಾಸ್ಕೊ ರೈಲಿದೆ. ಲೋಂಡಾ ದಾಟಿದ ಮೇಲೆ ದೂಧಸಾಗರವೂ ದಾರಿಯಲ್ಲೇ. ಪಣಜಿಯಿಂದ ಹಳೆ ಗೋವಾಕ್ಕೆ ಸುಮಾರು 10 ಕಿಲೋಮೀಟರ್, ಬಸ್ಸು ಬೇಕಾದಷ್ಟು. ಬೆಳಿಗ್ಗೆ ಬೇಗ ಹೋದರೆ ಬಿಸಿಲಿನ ಕಾಟವಿಲ್ಲ. ಮಳೆಗಾಲದಲ್ಲಿ ಚಪ್ಪಡಿಗಳ ಮೇಲೆ ಪಾಚಿ, ಜಾರುತ್ತದೆ. ಚರ್ಚುಗಳೊಳಗೆ ತೋಳು, ಮಂಡಿ ಮುಚ್ಚುವ ಬಟ್ಟೆ ಇರಲಿ.

ಪುರಾತತ್ವ ಇಲಾಖೆ ಬಿದ್ದ ಗೋಪುರವನ್ನು ಮತ್ತೆ ಕಟ್ಟಲು ಹೋಗಿಲ್ಲ. ಉಳಿದದ್ದು ಬೀಳದ ಹಾಗೆ ನೋಡಿಕೊಂಡು, ಹೂತುಹೋದದ್ದನ್ನು ಬಿಡಿಸಿ ತೋರಿಸುತ್ತಿದೆ. ಕೆಜಿಎಫ್‌ನ ಶಾಫ್ಟು, ಬಂಗಲೆ, ಲೈನ್ ಮನೆಗಳ ವಿಚಾರದಲ್ಲೂ ಎಲ್ಲವನ್ನೂ ಉಳಿಸಲು ಆಗದು, ಎಲ್ಲ ಉಳಿಯಬೇಕೆಂದೂ ಇಲ್ಲ. ಆದರೆ ಪಾದ್ರಿಗಳು ಕಿಟಕಿಯ ಲೆಕ್ಕವನ್ನು ಬರೆದಿಡದೆ ಹೋಗಿದ್ದರೆ ಸುಮಾರು ನಾನೂರು ವರ್ಷದ ನಂತರ ರಾಣಿಯನ್ನು ಹುಡುಕಲು ಯಾರಿಗೂ ದಾರಿ ಇರುತ್ತಿರಲಿಲ್ಲ. ಚಾಂಪಿಯನ್ ರೀಫ್ಸ್‌ನಲ್ಲಿ ಮೂರು ಕಿಲೋಮೀಟರಿಗೂ ಕೆಳಗೆ ಇಳಿದು ದುಡಿದವರಲ್ಲಿ ಅನೇಕರು ಇನ್ನೂ ನಮ್ಮ ನಡುವೆ ಇದ್ದಾರೆ. ಯಾವ ಶಾಫ್ಟಿನಲ್ಲಿ, ಯಾವ ಲೆವೆಲ್ಲಿನಲ್ಲಿ, ಯಾರ ಜೊತೆ ಏನು ಕೆಲಸ ಮಾಡಿದಿರಿ ಎಂದು ಅವರನ್ನು ಕೂರಿಸಿಕೊಂಡು ಕೇಳಿ ಬರೆದುಕೊಳ್ಳುವುದಕ್ಕೆ ಯಾವ ಇಲಾಖೆಯ ಅಪ್ಪಣೆಯೂ ಬೇಕಿಲ್ಲ. ಶಾಲೆ ಕಾಲೇಜುಗಳ ಮಕ್ಕಳೇ ಇದನ್ನು ಶುರುಮಾಡಬಹುದು.