ಸಮುದ್ರಕ್ಕೆ ಹೋಗುವ ನೀರು

"ನದಿಯ ನೀರು ವ್ಯರ್ಥವಾಗಿ ಸಮುದ್ರ ಸೇರುತ್ತಿದೆ" ಎಂಬ ಮಾತನ್ನು ನಾವೆಲ್ಲರೂ ಸಭೆಗಳಲ್ಲಿ ಕೇಳಿದ್ದೇವೆ. ಚರ್ಚಾಸ್ಪರ್ಧೆಯೊಂದರಲ್ಲಿ ಈ ಲೇಖಕನೇ ಅದನ್ನು ಗಟ್ಟಿಯಾಗಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದುಂಟು. ಭೂಗೋಳದ ಪಾಠ ಸ್ವಲ್ಪ ಮುಂದುವರಿದ ಮೇಲೆ ಆ ಚಪ್ಪಾಳೆಯನ್ನು ನೆನೆದರೆ ನಾಚಿಕೆಯಾಗುತ್ತದೆ.

ಅಳಿವೆಯಲ್ಲಿ ನಡೆಯುವುದೇನೆಂಬುದನ್ನು ನೋಡೋಣ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಆದುದರಿಂದ ಅದು ಸಿಹಿನೀರಿಗಿಂತ ಭಾರ. ನದಿಯ ನೀರು ಮೇಲೆ ತೇಲಿ ಹೊರಟರೆ ಇದು ತಳದಲ್ಲಿ ಬೆಣೆಯಂತೆ ಒಳನುಗ್ಗುತ್ತದೆ. ದಿನಕ್ಕೆರಡು ಬಾರಿ ಬರುವ ಭರತವು ಅದನ್ನು ಇನ್ನಷ್ಟು ಮೇಲಕ್ಕೆ ತಳ್ಳಿ ಎರಡು ನೀರನ್ನೂ ಕಲಸುತ್ತದೆ. ಇದಕ್ಕೆದುರಾಗಿ ನಿಲ್ಲುವುದು ಮೇಲಿನಿಂದ ಬರುವ ಹೊಳೆಯ ಒತ್ತಡವೊಂದೇ. ಮಳೆಗಾಲದಲ್ಲಿ ಹೊಳೆ ಗೆಲ್ಲುತ್ತದೆ. ಬೇಸಗೆಯಲ್ಲಿ ಅದು ಸೊರಗಿದಷ್ಟೂ ಉಪ್ಪು ಒಳನಾಡಿಗೆ ಸರಿಯುತ್ತದೆ. ಲೀಟರಿಗೆ 1 ಗ್ರಾಂ ಮೀರಿದರೆ ನೀರು ಬಾಯಿಗೆ ರುಚಿಸದು. ಎಂದರೆ ಮೂವತ್ತನಾಲ್ಕು ಕೊಡ ಸಿಹಿನೀರಿಗೆ ಒಂದು ಕೊಡ ಸಮುದ್ರದ ನೀರು ಬೆರೆತರೆ ಕೆಲಸ ಕೆಟ್ಟಂತೆಯೇ. ಕುಮಟೆಯ ಕಡೆ ಗಜನಿ ಗದ್ದೆಗಳ ಉಪ್ಪನ್ನು ಮಳೆನೀರು ತೊಳೆದ ಮೇಲೆ ಕಗ್ಗದ ಬತ್ತ ಬಿತ್ತುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈಗ ಗಂಗೆಯ ವಿಷಯ. ಬೇಸಗೆಯಲ್ಲಿ ಗಂಗೆಯ ನೀರು ಹೂಗ್ಲಿಗೆ ಸಾಕಷ್ಟು ಬಾರದೆ ಕಲ್ಕತ್ತೆಯ ಬಂದರು ಹೂಳಿನಿಂದ ತುಂಬುತ್ತಿತ್ತು. ನಗರವು ಕುಡಿಯುವ ನೀರಿಗೂ ಆ ಹೊಳೆಯನ್ನೇ ನಂಬಿದ್ದರಿಂದ ಉಪ್ಪಿನ ಅಂಜಿಕೆಯೂ ಇತ್ತು. ಇದಕ್ಕೆಂದು ಫರಕ್ಕಾದಲ್ಲಿ ಒಡ್ಡು ಕಟ್ಟಿ, ಸೆಕೆಂಡಿಗೆ 40,000 ಘನ ಅಡಿ ಒಯ್ಯಬಲ್ಲ ಸುಮಾರು 38 ಕಿಲೋಮೀಟರ್ ಕಾಲುವೆಯ ಮೂಲಕ 1975ರಿಂದ ನೀರನ್ನು ಹೂಗ್ಲಿಗೆ ತಿರುಗಿಸಲಾಯಿತು. ಹೂಗ್ಲಿಯ ಉಪ್ಪು ಇಳಿಯಿತು. ಆದರೆ ಗಂಗೆಯಲ್ಲಿ ಹೊಸ ನೀರೇನೂ ಹುಟ್ಟಲಿಲ್ಲವಷ್ಟೆ.

ಬಾಂಗ್ಲಾದೇಶದ ಕುಷ್ಟಿಯಾ ಬಳಿ ಗಂಗೆಯಿಂದ ಕವಲೊಡೆಯುವ ಗೊರಾಯಿಯೇ ಖುಲ್ನಾ ಪ್ರಾಂತಕ್ಕೂ ಅತ್ತಣ ಸುಂದರಬನಕ್ಕೂ ಸಿಹಿನೀರು ತರುವ ಮುಖ್ಯ ದಾರಿ. ಗಂಗೆಯ ಮಟ್ಟ ಇಳಿದಂತೆ ಅದರ ಬಾಯಿಯಲ್ಲಿ ಮರಳು ನಿಂತಿತು. 1988ರಿಂದೀಚೆಗೆ ಬೇಸಗೆಯಲ್ಲಿ ತಾಯಿನದಿಯ ಸಂಬಂಧವೇ ಕಡಿದುಹೋಗತೊಡಗಿತು. ಖುಲ್ನಾದ ಹೊಳೆಗಳಲ್ಲಿ ಉಪ್ಪು ಏರಿತು. ಸುಂದರಿ ಮರಗಳು ತುದಿಯಿಂದ ಒಣಗುವುದಕ್ಕೂ ಇದು ಒಂದು ಕಾರಣವೆನ್ನುತ್ತಾರೆ. 1998ರ ಸುಮಾರಿಗೆ ಗೊರಾಯಿಯ ಬಾಯಿಯ ಹೂಳೆತ್ತಿಸಿದರು. ಮರಳು ಮತ್ತೆ ಬಂದು ಕೂರುತ್ತದೆ. ದೋಷವೆಲ್ಲ ಫರಕ್ಕಾದ್ದೇ ಎಂದರೆ ಅನ್ಯಾಯ: ಸೀಗಡಿ ಸಾಕಲು ಉಪ್ಪುನೀರನ್ನು ತಾವಾಗಿಯೇ ಕಟ್ಟೆಯೊಳಕ್ಕೆ ಬಿಟ್ಟುಕೊಂಡವರಿದ್ದಾರೆ, ಸಮುದ್ರದ ಮಟ್ಟವೂ ಏರುತ್ತಿದೆ. ಆದರೆ ಕೊಡ ಹೊತ್ತು ಸಿಹಿನೀರಿಗಾಗಿ ದೂರ ನಡೆಯುವ ಹೆಂಗಸಿಗೆ ಈ ಪಾಲುಲೆಕ್ಕದಿಂದ ಆಗುವ ಉಪಕಾರ ಕಡಮೆ.

1996ರ ಡಿಸೆಂಬರ್ 12ರಂದು ಉಭಯ ದೇಶಗಳ ಪ್ರಧಾನಮಂತ್ರಿಗಳು 30 ವರ್ಷಗಳ ಒಪ್ಪಂದಕ್ಕೆ ಸಹಿಮಾಡಿದರು. ಭಾರತದ ಪರವಾಗಿ ಸಹಿ ಹಾಕಿದವರು ಕನ್ನಡಿಗರೇ ಆದ ಶ್ರೀ ಎಚ್. ಡಿ. ದೇವೇಗೌಡರು. ಜನವರಿ 1ರಿಂದ ಮೇ 31ರವರೆಗೆ ಹತ್ತು ಹತ್ತು ದಿನಗಳ ಲೆಕ್ಕ. ಫರಕ್ಕಾದಲ್ಲಿ ಹರಿವು 70,000 ಘನ ಅಡಿ ಅಥವಾ ಅದಕ್ಕೂ ಕಡಮೆಯಿದ್ದರೆ ಅರ್ಧಕ್ಕರ್ಧ. 75,000 ಅಥವಾ ಹೆಚ್ಚಿದ್ದರೆ ಭಾರತಕ್ಕೆ 40,000, ಮಿಕ್ಕದ್ದು ಬಾಂಗ್ಲಾದೇಶಕ್ಕೆ. ಹಂಚಿಕೆ ಫರಕ್ಕಾದ ಬಾಗಿಲಲ್ಲೇ ಮುಗಿಯುತ್ತದೆ. ಗೊರಾಯಿಯ ಬಾಯಿಗೆ ಎಷ್ಟು ತಲಪಬೇಕು, ಅಳಿವೆಗೆ ಎಷ್ಟು ಉಳಿಯಬೇಕು ಎಂಬ ಅಂಕಿ ಅದರಲ್ಲಿಲ್ಲ. ಹರಿವು 50,000ಕ್ಕಿಂತ ಕೆಳಗಿಳಿದರೆ ಎರಡು ಸರಕಾರಗಳೂ ತಡಮಾಡದೆ ಕೂಡಿ ಸಮಾಲೋಚಿಸತಕ್ಕದ್ದೆಂದು ಮಾತ್ರ ಬರೆದಿದೆ.